ಮಜ್ಜಿಗೆ ಗಡಿಗೆ ಇಟ್ಟು ಆರಿಸಿದ ಜೀಪು

ನಮ್ಮಪ್ಪ ಜೀಪು ಆರಿಸಿದ್ದು ಮಜ್ಜಿಗೆ ಗಡಿಗೆ ಇಟ್ಟು. ಈ ಮಾತು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ಬಣ್ಣ ನೋಡಿ, ಪಕ್ಕದ ಮನೆಯವರು ಯಾವ ಗಾಡಿ ತಂದರು ಎಂದು ನೋಡಿ ದುಡ್ಡು ಸುರಿದು ಬರುವವರಿಗಿಂತ ನಮ್ಮಪ್ಪನ ಲೆಕ್ಕ ಎಷ್ಟೋ ವಾಸಿ. ಆ ಲೆಕ್ಕ ತಪ್ಪಿತು ಎನ್ನುವುದು ಬೇರೆ ಮಾತು.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಹೊಸದುರ್ಗ ತಾಲ್ಲೂಕಿನಲ್ಲಿ ಬಾಗೂರು ದಾಟಿದ ಮೇಲೆ ನಮ್ಮದೊಂದು ಹಟ್ಟಿ. ಕುರಿ ಸಾಕುವ ಮನೆತನ. ಅಪ್ಪ ಕುರಿಯ ಜೊತೆಗೆ ಒಂದಿಷ್ಟು ಹೊಲವನ್ನೂ ನೋಡಿಕೊಳ್ಳುತ್ತಿದ್ದ. ಎಲ್ಲರಿಗಿಂತ ದೊಡ್ಡವನು ಅಣ್ಣ. ಅವನು ಅದಿರು ಸಾಗಿಸುವ ಲಾರಿಯ ಡ್ರೈವರು. ಅವನಾದ ಮೇಲೆ ಅಕ್ಕ. ಕೊನೆಯವಳು ನಾನು, ಹೊಳಲ್ಕೆರೆಯಲ್ಲಿ ಪ್ರೈಮರಿ ಸ್ಕೂಲಿನ ಟೀಚರು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಕೂಡಲೇ ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಮನೆಯಲ್ಲಿ ಎಲ್ಲರ ದೂರು. ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಬಾಯಿ ಮೆತ್ತಗಿದ್ದರೆ ನಡೆಯುತ್ತದೆಯೇ?

ಅಕ್ಕನನ್ನು ಕೊಟ್ಟಿದ್ದು ವೇದಾವತಿ ಹೊಳೆಯ ಆಚೆ ದಡದ ಊರಿಗೆ. ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು ತುಂಬಿದ ವರ್ಷ ಎಲ್ಲಿಯವರೆಗೆ ಬರುತ್ತದೋ ಅದಕ್ಕಿಂತ ಸ್ವಲ್ಪ ಮೇಲೆ. ಅಲ್ಲಿ ಸೇತುವೆ ಇರಲಿಲ್ಲ. ಬೇಸಿಗೆಯಲ್ಲಿ ಹೊಳೆ ಎಂದರೆ ಅಗಲವಾದ ಮರಳು, ಮಳೆಗಾಲದಲ್ಲಿ ಕೆಂಪು ನೀರು. ಈಚೆ ದಡಕ್ಕೆ ಬಂದು, ಕಲ್ಲುಗುಂಡಿನ ಗಾಡಿಜಾಡು ದಾಟಿದರೆ ಹೊಸದುರ್ಗದ ರಸ್ತೆ. ಡಾಕ್ಟರು, ಆಸ್ಪತ್ರೆ ಎಲ್ಲ ಆ ರಸ್ತೆಯ ತುದಿಯಲ್ಲಿ.

ಅವಳ ಮೊದಲ ಹೆರಿಗೆಯ ಹೊತ್ತಿನಲ್ಲಿ ಅವಳನ್ನು ತವರಿಗೆ ಕರೆತರಲು ಅವ್ವ, ನಾನು ಹೋಗಿದ್ದೆವು. ಅಕ್ಕನ ಅತ್ತೆ ಅಮಾವಾಸ್ಯೆ ಕಳೆಯಲಿ, ಮಂಗಳವಾರ ಬೇಡ, ಮಗನ ಜನ್ಮವಾರ ಬೇಡ ಎಂದು ದಿನ ದೂಡಿದರು. ದೂಡುತ್ತಾ ದೂಡುತ್ತಾ ನೋವೇ ಕಾಣಿಸಿಕೊಂಡಿತು. ಎತ್ತಿನ ಗಾಡಿಗೆ ಹುಲ್ಲು ಹಾಸಿ, ಅಕ್ಕನನ್ನು ಮಲಗಿಸಿಕೊಂಡು ಹೊರಟೆವು. ಊರ ಮುಂದಿನ ಕಲ್ಲುದಾರಿಯಲ್ಲಿ ಗಾಡಿ ಅವಳನ್ನು ಎತ್ತಿ ಎತ್ತಿ ಹಾಕಿತು. ದಡದ ಒಂಟಿ ಜಾಲಿಮರ ಹಿಂದಾಗಿ, ಕಪ್ಪು ಬಂಡೆಯ ಹತ್ತಿರ ಹೊಳೆಯ ನಡುವೆ ಬಂದಾಗ ಚಕ್ರ ಮರಳಿನಲ್ಲಿ ಹೂತಿತು. ಎತ್ತು ಮಂಡಿಯೂರಿದವು. ಗಾಡಿ ಹಗುರಾಗಲಿ ಎಂದು ಅಕ್ಕನನ್ನು ಇಳಿಸಿ ಮರಳಿನ ಮೇಲೆ ಮಲಗಿಸಿದರು. ಚಕ್ರ ಮೇಲೆ ಬರುವಷ್ಟರಲ್ಲಿ ಅಲ್ಲೇ ಹೆರಿಗೆಯಾಯಿತು. ಗಂಡು ಮಗು. ಅಳಲಿಲ್ಲ. ಅವ್ವ ಅದನ್ನು ತಲೆಕೆಳಗೆ ಹಿಡಿದು ಬೆನ್ನು ತಟ್ಟಿದ್ದು, ಅಕ್ಕ ಮರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಮ್ಮಿಬ್ಬರ ಮುಖ ನೋಡುತ್ತಿದ್ದುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಆಮೇಲೆ ಮನೆಯಲ್ಲಿ ಎರಡು ಪಂಗಡವಾಯಿತು. ಗಾಡಿಯ ಕುಲುಕಿಗೇ ಮಗು ಹೋಯಿತು ಎಂದು ಅಪ್ಪ ತೀರ್ಮಾನ ಮಾಡಿಬಿಟ್ಟ. ಅಣ್ಣ ಅದಕ್ಕೆ ಒಪ್ಪಲಿಲ್ಲ, ಚಕ್ರ ಹೂತು ಹೊತ್ತು ಹೋಗಿದ್ದಕ್ಕೆ ಹೀಗಾಯಿತು ಎನ್ನುತ್ತಿದ್ದ. ಅಪ್ಪನ ಮಟ್ಟಿಗೆ ತಪ್ಪು ಕಲ್ಲಿನದು, ಅಣ್ಣನ ಮಟ್ಟಿಗೆ ಮರಳಿನದು. ಅಕ್ಕ ಮಾತ್ರ ಆ ಹೊಳೆ ದಾಟಿ ತವರಿಗೆ ಬರುವುದನ್ನೇ ಬಿಟ್ಟಳು.

ಅವಳು ಮತ್ತೆ ಬಸುರಿ ಎಂಬ ಸುದ್ದಿ ಬಂದ ದಿನ ಅಪ್ಪ ಅರ್ಧ ಊಟಕ್ಕೇ ಕೈ ತೊಳೆದ. ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಒಳಗೆ ಬಂದು, "ಜೀಪು ತಗಳಾಣ" ಅಂದ.

ಅವ್ವ ಮುದ್ದೆ ಕೋಲು ಹಿಡಿದು ಹಾಗೇ ನಿಂತಳು. "ಕುರಿ ಕಾಯೋರಿಗೆ ಜೀಪ್ಯಾಕೆ?"

"ಕುರಿಗಲ್ಲ. ಮಗಳಿಗೆ."

ದುಡ್ಡು ಹೇಗೆ ಹೊಂದಿತು ಎಂದು ಕೇಳಬೇಡಿ. ನಮ್ಮ ಕುರಿ ರೊಪ್ಪ ಅರ್ಧ ಖಾಲಿಯಾಯಿತು ಎಂದಷ್ಟೇ ಹೇಳುತ್ತೇನೆ. ಹಟ್ಟಿಯವರು "ಟಗರು ಮಾರಿ ಟೈರು ತರ್ತಾನಂತೆ" ಎಂದು ಆಡಿಕೊಂಡರು. ಹೊಸ ಜೀಪು ಬೇಕಾದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಬಸುರಿ ವರ್ಷಗಟ್ಟಲೆ ಕಾಯುತ್ತಾಳೆಯೇ? ಹಳೆಯದೇ ಗತಿ ಎಂದಾಯಿತು.

ಜೀಪೇ ಯಾಕೆ, ಕಾರು ಯಾಕಲ್ಲ ಎಂದು ನಾನು ಕೇಳಿದ್ದಕ್ಕೆ ಅಣ್ಣ ಜಗಲಿಯ ಮೇಲೆ ನಾಲ್ಕು ಈರುಳ್ಳಿ ಇಟ್ಟು ಪಾಠ ಶುರು ಮಾಡಿದ. "ನೋಡು ಟೀಚರಮ್ಮ, ಕಾರಿಗೆ ಹಿಂದಿನ ಎರಡು ಚಕ್ರ ಮಾತ್ರ ತಳ್ತವೆ. ಮುಂದಿನವು ಸುಮ್ನೆ ಉರುಳ್ತವೆ. ಜೀಪಿಗೆ ಗೇರಿನ ಪಕ್ಕ ಇನ್ನೊಂದು ಸಣ್ಣ ಲಿವರ್ ಇರ್ತೈತೆ. ಅದನ್ನ ಹಾಕಿದ್ರೆ ಮುಂದಿನವೂ ಎಳಿತವೆ. ಮರಳಾಗೆ ಹಿಂದಿನವು ಹೂತ್ರೆ ಮುಂದಿನವು ಕೈ ಹಿಡಿತವೆ."

ಅಪ್ಪ ಎಲ್ಲ ಕೇಳಿಸಿಕೊಂಡ. ಆಮೇಲೆ ಒಂದು ಈರುಳ್ಳಿ ಎತ್ತಿ ಅವ್ವನ ಕೈಗೆ ಕೊಟ್ಟು, "ಅದೆಲ್ಲ ಇರ್ಲಿ, ಕುಲುಕ್ತದೋ ಇಲ್ವೋ ಅಷ್ಟು ಹೇಳು" ಅಂದ.

ಅಣ್ಣ ಚಿತ್ರದುರ್ಗದ ಒಂದು ಗ್ಯಾರೇಜಿನಲ್ಲಿ ಜೀಪೊಂದನ್ನು ನೋಡಿಕೊಂಡು ಬಂದಿದ್ದ. ಭಾನುವಾರ ಮೂವರೂ ಹೊರಟೆವು. ಹೊರಡುವಾಗ ಅಪ್ಪ ಅವ್ವನಿಗೆ ಹೇಳಿ ಮಣ್ಣಿನ ಗಡಿಗೆಯ ತುಂಬ ಮಜ್ಜಿಗೆ ಮಾಡಿಸಿ, ಬಾಯಿಗೆ ಬಟ್ಟೆ ಕಟ್ಟಿಸಿ ನನ್ನ ಕೈಗೆ ಕೊಟ್ಟ. ದಾರಿಯಲ್ಲಿ ಕುಡಿಯಲಿಕ್ಕೆ ಎಂದುಕೊಂಡೆ. ಬಸ್ಸಿನ ಕುಲುಕಾಟದಲ್ಲಿ ಅದನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದುಕೊಂಡು ಕೂತೆ.

ಕಂಡಕ್ಟರು ಟಿಕೆಟ್ ಹರಿಯುತ್ತಾ, "ಏನ್ರಮ್ಮ, ದುರ್ಗದಾಗೆ ಮಜ್ಜಿಗೆ ಯಾಪಾರನಾ?" ಅಂದ.

"ಹೂಂ ಕಣ್ರಿ. ನಿಮಗೊಂದು ಲೋಟ ಕೊಡ್ತೀನಿ, ಮೂರು ಟಿಕೆಟ್ ಬಿಡ್ತೀರಾ?" ಅಂದೆ. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡು ಮೀಸೆಯಲ್ಲೇ ನಕ್ಕ.

ದುರ್ಗದ ಜೀಪು ಮಿಲಿಟರಿಯವರು ಹರಾಜು ಹಾಕಿದ್ದು. ಮೇಲೆ ಬೂದು ಬಣ್ಣ ಬಳಿದಿದ್ದರೂ ಬಾಗಿಲ ಸಂದಿಯಲ್ಲಿ ಹಸಿರು ಇಣುಕುತ್ತಿತ್ತು. ಅಣ್ಣ ಬಾನೆಟ್ ಎತ್ತಿದ, ಕೆಳಗೆ ತೂರಿದ, ಸಣ್ಣ ಲಿವರ್ ಹಿಂದೆ ಮುಂದೆ ಮಾಡಿ ನೋಡಿದ. ಅವನ ಮುಖ ಅರಳಿದ್ದು ಕಂಡೇ ನನಗೆ ಗೊತ್ತಾಯಿತು, ಇದು ಗಟ್ಟಿ ಗಾಡಿ ಎಂದು. ಅಪ್ಪ ಮಾತ್ರ ಮುಂದಕ್ಕೆ ಹೋಗಲೇ ಇಲ್ಲ. ಹಿಂದೆ ನಿಂತು ನೋಡಿದ. ಸಂತೆಯಲ್ಲಿ ಟಗರನ್ನೂ ಅವನು ಹಿಂದಿನಿಂದಲೇ ನೋಡುತ್ತಿದ್ದುದು. ಮುಖ ಎಲ್ಲರದೂ ಚೆನ್ನಾಗೇ ಇರುತ್ತದೆ, ಹಿಂದೆ ನೋಡಿದರೆ ಗೊತ್ತಾಗುತ್ತದೆ ಎನ್ನುತ್ತಿದ್ದ.

ಆಮೇಲೆ ಗಡಿಗೆ ಇಸಿದುಕೊಂಡ. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದ. ಅದೇ ಬಟ್ಟೆಯನ್ನು ಸುತ್ತಿ ಸಿಂಬಿ ಮಾಡಿ ಹಿಂದಿನ ಸೀಟಿನ ಮೇಲಿಟ್ಟು, ಅದರ ಮೇಲೆ ಗಡಿಗೆ ಕೂರಿಸಿದ. ಎದುರು ಸೀಟಿನಲ್ಲಿ ನನ್ನನ್ನು ಕೂರಿಸಿದ. "ಮುಟ್ಟಬ್ಯಾಡ. ಉರುಳೋ ಹಂಗಾದ್ರೆ ಮಾತ್ರ ಹಿಡ್ಕ. ಎಷ್ಟು ಚೆಲ್ತೈತೆ ನೋಡಾಣ."

ಅಣ್ಣನಿಗೆ ಈಗ ಅರ್ಥವಾಯಿತು. "ಅಪ್ಪ, ಜೀಪು ಅಂದ್ರೆ ಇದಾ ನೋಡಾದು? ನೀರಾದ್ರೂ ಇಡು ಅತ್ಲಾಗೆ."

"ನೀರು ಚೆಲ್ಲಿದ್ರೆ ಒಣಗ್ತೈತೆ. ಮಜ್ಜಿಗೆ ಕಲೆ ಉಳಿತೈತೆ. ಹೊರಡು."

ಚಂದ್ರವಳ್ಳಿಯ ಕಡೆ ಕಲ್ಲುದಾರಿಗೆ ತಿರುಗಿದೆವು. ಅಣ್ಣ ಬೇಕೆಂದೇ ಬಂಡೆಗಳಿರುವ ಏರು ಹುಡುಕಿ ಲಿವರ್ ಹಾಕಿದ. ಆ ಜೀಪು ಉಡದ ಹಾಗೆ ಬಂಡೆ ಕಚ್ಚಿಕೊಂಡು ಏರಿತು. ಮುಂದೆ ಅಣ್ಣ, "ನೋಡಪ್ಪ, ನೋಡಪ್ಪ" ಎನ್ನುತ್ತಿದ್ದ. ಹಿಂದೆ ನನ್ನ ಗತಿ ಕೇಳುವವರಿಲ್ಲ. ಪ್ರತಿ ಕಲ್ಲಿಗೂ ಗಡಿಗೆಯಿಂದ ಒಂದು ಬೊಗಸೆ ಎದ್ದು ನನ್ನ ಮೇಲೆ ಬೀಳುತ್ತಿತ್ತು. ದಸರೆಗೆ ತೆಗೆದುಕೊಂಡಿದ್ದ ನೀಲಿ ಸೀರೆ ಹಾಳಾಯಿತು. ಮಜ್ಜಿಗೆಯ ಕೊತ್ತಂಬರಿ ಸೊಪ್ಪು ಕೂದಲಲ್ಲಿ ಸಿಕ್ಕಿಕೊಂಡಿತು. ಜೀಪು ನಿಂತಾಗ ನನಗೆ ಎಂಥ ಕೋಪ ಬಂದಿತ್ತೆಂದರೆ, ಈ ಅಪ್ಪ ಮಗನ ಸಹವಾಸವೇ ಬೇಡ ಎಂದು ಇಳಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದೆ. ಅಣ್ಣ ಓಡಿ ಬಂದು ಕರೆತಂದ.

ಅಪ್ಪ ಗಡಿಗೆಯೊಳಗೆ ಬಗ್ಗಿ ನೋಡಿದ. ಅರ್ಧವೂ ಉಳಿದಿರಲಿಲ್ಲ. "ಇದ್ರಾಗೆ ನನ್ ಮಗಳು ಕುಂತಿದ್ರೆ?" ಎಂದು ಮೆಲ್ಲಗೆ ಕೇಳಿದ.

ಮುಂದಿನ ಭಾನುವಾರ ಹಿರಿಯೂರು. ಅಲ್ಲಿ ಒಬ್ಬ ವಯಸ್ಸಾದ ಕಂಟ್ರಾಕ್ಟರು, ಕಾಲುವೆ ಕೆಲಸ ಬಿಟ್ಟ ಮೇಲೆ ತಮ್ಮ ಜೀಪನ್ನು ಹುಣಸೆ ಮರದ ನೆರಳಿನಲ್ಲಿ ನಿಲ್ಲಿಸಿಕೊಂಡಿದ್ದರು. "ಬರ್ರಿ, ಕುಂತ್ಕಳ್ರಿ, ಓಡ್ಸಿ ನೋಡ್ರಿ, ಬ್ಯಾಡ ಅಂದೋರ್ಯಾರು" ಎಂದು ಕೀಲಿ ಕೊಟ್ಟರು. ಹೊಸ ಮಜ್ಜಿಗೆ, ಅದೇ ಗಡಿಗೆ. ಈ ಸಲ ನಾನು ಹಳೆಯ ಸೀರೆ ಉಟ್ಟು ಬಂದಿದ್ದೆ.

ಮಾರಿಕಣಿವೆಯ ಕಡೆ ಹೋಗಿ, ರಸ್ತೆ ಬಿಟ್ಟು ಹೊಲದ ಜಾಡಿಗೆ ಇಳಿದೆವು. ಆ ಜೀಪು ತೊಟ್ಟಿಲು ತೂಗಿದ ಹಾಗೆ ಹೋಯಿತು. ಕಲ್ಲು ಬಂದರೆ ಒಂದು ಸಲ ತಗ್ಗಿ, ನಿಧಾನವಾಗಿ ಎದ್ದು, ಮತ್ತೆ ತಗ್ಗುತ್ತಿತ್ತು. ಗಡಿಗೆಯ ಅಂಚಿನವರೆಗೆ ಬಂದ ಮಜ್ಜಿಗೆ ಹಾಗೇ ಒಳಗೆ ಹೋಗುತ್ತಿತ್ತು. ಸಿಂಬಿಯ ಮೇಲೆ ನಾಲ್ಕು ಹನಿ ಬಿದ್ದಿರಬಹುದು. ಅಪ್ಪನ ಮುಖ ನೋಡಬೇಕಿತ್ತು. ಗೆದ್ದ ಟಗರನ್ನು ನೋಡುವ ಹಾಗೆ ನೋಡುತ್ತಿದ್ದ.

ಕಟ್ಟೆಯ ಕೆಳಗೆ ಮರದ ನೆರಳಿನಲ್ಲಿ ನಿಲ್ಲಿಸಿದ ಮೇಲೆ ಅಣ್ಣ ಟವೆಲು ಹಾಸಿಕೊಂಡು ಜೀಪಿನ ಕೆಳಗೆ ತೂರಿದ. ಹೊರಗೆ ಬಂದಾಗ ಅವನ ಮುಖ ಕೆಂಪಗಾಗಿತ್ತು. "ಮುಂದಿನ ಚಕ್ರ ಎಳೆಯೋ ಶಾಫ್ಟೇ ಇಲ್ಲ ಇದಕ್ಕೆ. ಬಿಚ್ಚಿ ಹಾಕ್ಯಾರೆ. ಸ್ಪ್ರಿಂಗ್ ಪಟ್ಟಿ ಸವೆದು ಸತ್ತು ಮಲಗ್ಯಾವೆ, ಅದ್ಕೇ ತೊಟ್ಲು ತೂಗ್ತೈತೆ."

ಪೆಟ್ರೋಲಿನ ಬೆಲೆ ಏರಿದ್ದ ಕಾಲ ಅದು. ಪೆಟ್ರೋಲು ಉಳಿಯುತ್ತದೆ ಎಂದು ಎಷ್ಟೋ ಜನ ಮುಂದಿನ ಶಾಫ್ಟು ಬಿಚ್ಚಿಸಿ ಗುಜರಿಗೆ ಹಾಕುತ್ತಿದ್ದರು. ಲಿವರ್ ಇದ್ದ ಜಾಗದಲ್ಲೇ ಇತ್ತು, ಎಳೆದರೆ ಏನೂ ಆಗುತ್ತಿರಲಿಲ್ಲ.

"ಅಪ್ಪ, ಇದು ಜೀಪಿನ ವೇಷ ಹಾಕ್ಕಂಡಿರೋ ಕಾರು. ಹೊಳೆ ಮರಳಾಗೆ ಕುಂತ್ಬಿಡ್ತೈತೆ. ಬ್ಯಾಡ."

ಅಪ್ಪ ಸಾವಧಾನವಾಗಿ ಹೇಳಿದ: "ಮರಳಾಗೆ ಕುಂತ್ರೆ ನಾಲ್ಕು ಜನ ನೂಕ್ತಾರೆ. ಹೊಟ್ಟೆಯಾಗಿನ ಕೂಸಿಗೆ ಏನಾರ ಆದ್ರೆ ಯಾರು ನೂಕ್ತಾರಲೇ?"

ದುರ್ಗದ ಜೀಪನ್ನೇ ತಂದು ಅದರ ಸ್ಪ್ರಿಂಗನ್ನು ಮೆತ್ತಗೆ ಮಾಡಿಸಬಾರದೇ ಎಂದು ನಾನು ಬಾಯಿ ಹಾಕಿದೆ. "ನೀನು ಸುಮ್ಕಿರವ್ವ" ಅಂದ ಅಪ್ಪ. ಕಣ್ಣು ಒದ್ದೆಯಾಗಿತ್ತು ಅವನದು. ಇನ್ನು ವಾದ ಮಾಡುವುದು ಹೇಗೆ?

ಚೆಲ್ಲದೆ ಉಳಿದಿದ್ದ ಮಜ್ಜಿಗೆಯನ್ನು ಅಪ್ಪ ಲೋಟಕ್ಕೆ ಬಗ್ಗಿಸಿ ನನಗೆ ಕೊಟ್ಟ, ತಾನು ಕುಡಿದ, ಅಣ್ಣನಿಗೆ ಚಾಚಿದ. ಅಣ್ಣ ಬೇಡ ಎಂದು ಕಟ್ಟೆಯ ಕಡೆ ತಿರುಗಿ ನಿಂತುಕೊಂಡ. ಬಿಸಿಲಿಗೆ ಅವನ ಗಂಟಲು ಒಣಗಿತ್ತು, ನನಗೆ ಗೊತ್ತು. ಆದರೂ ಕುಡಿಯಲಿಲ್ಲ. ಅಪ್ಪ ಆ ಲೋಟವನ್ನು ಹಾಗೇ ಗಡಿಗೆಗೆ ಸುರಿದ. ಜೀಪು ಮಾತ್ರ ನಮ್ಮದಾಯಿತು.

ಏನೇ ಅನ್ನಿ, ಅದು ಮನೆಗೆ ಬಂದ ಮೇಲಿನ ದಿನಗಳು ಚೆನ್ನಾಗಿದ್ದವು. ಅವ್ವ ಅದಕ್ಕೆ ಆರತಿ ಎತ್ತಿ, ಕಣ್ಣಿನ ಹಾಗಿದ್ದ ದೀಪಗಳಿಗೆ ಕುಂಕುಮ ಇಟ್ಟಳು. ಅಣ್ಣ ಲಾರಿಯ ಕೆಲಸ ಮುಗಿಸಿ ಬಂದು, ಮುನಿಸು ಮುನಿಸಿನಲ್ಲೇ ಅದನ್ನು ಕೆರೆಗೆ ಒಯ್ದು ಎಮ್ಮೆ ತೊಳೆದ ಹಾಗೆ ತೊಳೆಯುತ್ತಿದ್ದ. ಕುರಿಗಳಿಗೆ ಅದರ ಮಡ್‌ಗಾರ್ಡ್ ನೆಕ್ಕುವ ಚಟ ಹತ್ತಿತು, ಏನು ರುಚಿ ಕಂಡವೋ. ಅಪ್ಪ ಡ್ರೈವಿಂಗ್ ಕಲಿಯಲಿಲ್ಲ. ಮುಂದೆ ಎಡಗಡೆ ಕಂಬಳಿ ಹಾಸಿ ಕೂತು ದಾರಿಯಲ್ಲಿ ಕಂಡವರಿಗೆಲ್ಲ "ಬರ್ರಿ, ಹತ್ರಿ" ಎನ್ನುತ್ತಿದ್ದ. ಸೋಮವಾರ ಬೆಳಿಗ್ಗೆ ನನ್ನನ್ನು ಬಸ್ಸಿಗೆ ಬಿಡಲು ಬಂದರೆ ನನ್ನ ಜೊತೆಗೆ ಮೊಸರಿನವರು, ಕೋಳಿ ಹಿಡಿದವರು, ಒಬ್ಬ ಅಜ್ಜಿ, ಅವರ ಮೇಲೆ ಇನ್ನೊಬ್ಬರು. ಉಣ್ಣೆಯ ವಾಸನೆಯೂ ಪೆಟ್ರೋಲಿನ ವಾಸನೆಯೂ ಸೇರಿದ ಆ ಗಾಳಿ ಈಗ ಎಲ್ಲಿಯೂ ಸಿಗುವುದಿಲ್ಲ. ಎಲ್ಲಾದರೂ ಕುರಿಮಂದೆಯ ಪಕ್ಕ ಬಸ್ಸು ನಿಂತಾಗ ಸ್ವಲ್ಪ ಹಾಗೆ ಅನ್ನಿಸುತ್ತದೆ.

ಆ ಕಂಬಳಿಯ ಮಾತು ಇಲ್ಲೇ ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ಕಂಬಳಿ ಎಂದರೆ ಹೊದಿಕೆ ಮಾತ್ರವಲ್ಲ. ಹಬ್ಬದ ದಿನ ದೇವರು ಕೂರುವುದೂ ಮಡಿಸಿದ ಕರಿ ಕಂಬಳಿಯ ಗದ್ದಿಗೆಯ ಮೇಲೆಯೇ. ಅದರ ಮೇಲೆ ಕೂರಬಹುದು, ಮಲಗಬಹುದು. ಚಪ್ಪಲಿ ಕಾಲಲ್ಲಿ ತುಳಿಯುವ ಹಾಗಿಲ್ಲ, ದಾಟುವ ಹಾಗಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಆಟದ ಭರದಲ್ಲಿ ಕಂಬಳಿಯನ್ನು ತುಳಿದು ಓಡಿದ್ದಕ್ಕೆ ಅಪ್ಪ ನನಗೆ ಹೊಡೆದಿದ್ದ. ಅವನು ನನಗೆ ಹೊಡೆದದ್ದು ಅದೊಂದೇ ಸಲ.

ಅಕ್ಕನಿಗೆ ಏಳು ತಿಂಗಳು ತುಂಬುವ ಮೊದಲೇ ಕರೆತರಬೇಕೆಂದು ಎಲ್ಲರೂ ಅಂದುಕೊಂಡಿದ್ದೆವು. ಆದರೆ ಮೇಲೆ ಎಲ್ಲೋ ಮಳೆಯಾಗಿ ಹೊಳೆಗೆ ನೀರು ಬಂತು. ಅಪ್ಪ ದಿನವೂ ಹೋಗಿ ದಡದಲ್ಲಿ ನಿಂತು ಬರುತ್ತಿದ್ದ. ನೀರು ಇಳಿಯುವ ಹೊತ್ತಿಗೆ ಅವಳಿಗೆ ಎಂಟು ನಡೆಯುತ್ತಿತ್ತು. ದಸರಾ ರಜೆ ಇದ್ದುದರಿಂದ ನಾನೂ ಹೊರಟೆ.

ಹೋಗುವಾಗ ಜೀಪು ಖಾಲಿ. ಅಣ್ಣ ದಡದಿಂದಲೇ ಜೋರು ಹಿಡಿದು ಒಂದೇ ಉಸಿರಿಗೆ ಹೊಳೆ ದಾಟಿಸಿದ. ನೀರು ಈಗಷ್ಟೇ ಇಳಿದ ಮರಳು, ಹಿಟ್ಟಿನ ಹಾಗಿತ್ತು. "ಇಲ್ಲಿ ನಿಧಾನ ಮಾಡಿದ್ವಾ, ಮುಗೀತು ಕಥೆ" ಅಂದ. ಅಪ್ಪ ಕೇಳಿಸಿಕೊಂಡನೋ ಇಲ್ಲವೋ.

ಅಕ್ಕನ ಅತ್ತೆ ಹೊಸ್ತಿಲಲ್ಲೇ ತಡೆದರು. "ಏಳು ತುಂಬಿದ ಬಸುರಿ ಹೊಳೆ ದಾಟಬಾರ್ದು ಕಣ್ರಿ ಬೀಗ್ರೆ. ಹೆಂಗೂ ಸೂಲಗಿತ್ತಿ ಅದಾಳೆ."

ಅಪ್ಪ ಕೈಮುಗಿದ. "ಹೋದ ಸಲ ನಿಮ್ ಮಾತು ಕೇಳಿದ್ದಾತಲ್ರವ್ವ. ಈ ಸಲ ಕಳಿಸ್ಬಿಡ್ರಿ." ಅವರು ಒಳಗೆ ಹೋಗಿ ಒಂದು ಕುಂಬಳಕಾಯಿ, ಒಂದು ಚೀಲ ರಾಗಿ, ತೆಂಗಿನಕಾಯಿಯ ಮೂಟೆ ತಂದು ಜೀಪಿಗೆ ಹಾಕಿದರು. ಬೇಡವೆಂದರೆ ಮತ್ತೆ ಮುನಿಸು ಎಂದು ಅಣ್ಣನೂ ಸುಮ್ಮನಾದ.

ಅಪ್ಪ ತನ್ನ ಕಂಬಳಿಯನ್ನು ಹಿಂದಿನ ಸೀಟಿಗೆ ಹಾಸಿ ಅಕ್ಕನನ್ನು ಕೂರಿಸಿದ. ಅವಳು ನನ್ನ ಕೈ ಹಿಡಿದುಕೊಂಡಳು. ಸಣ್ಣ ಮಳೆ ಜಿನುಗುತ್ತಿತ್ತು. ಕಲ್ಲುದಾರಿಯಲ್ಲಿ ಜೀಪು ತೊಟ್ಟಿಲ ಹಾಗೇ ಬಂತು, ಅಪ್ಪ ಹಿಂದೆ ತಿರುಗಿ ತಿರುಗಿ ಮಗಳನ್ನು ನೋಡುತ್ತಿದ್ದ. ಹೊಳೆ ಬಂತು. ಅಣ್ಣ ಜೋರು ಹಿಡಿದ. ಒಂದು ತಗ್ಗಿಗೆ ಜೀಪು ಜಿಗಿಯಿತು. ಅಕ್ಕ "ಅವ್ವಾ" ಅಂದಳು.

"ನಿಧಾನ ಕಣಲೇ! ಗಡಿಗೆ ಅಲ್ಲ ಅದು, ನನ್ ಮಗಳು!" ಎಂದು ಅಪ್ಪ ಅಣ್ಣನ ಭುಜ ಹಿಡಿದು ಅಲುಗಾಡಿಸಿದ.

ಅಣ್ಣನ ಕಾಲು ತಾನಾಗಿ ಮೇಲೆ ಬಂತು. ವೇಗ ಇಳಿಯಿತು. ಇನ್ನೊಂದು ಮಾರು ದೂರ ಹೋಗಿ ಜೀಪು ಹಿಂದೆ ಕುಸಿದು ಕೂತುಬಿಟ್ಟಿತು. ಅಣ್ಣ ಮತ್ತೆ ಮತ್ತೆ ಗೇರು ಹಾಕಿದ. ಹಿಂದಿನ ಚಕ್ರ ಗಿರ್ರೆಂದು ತಿರುಗಿ ಮರಳು ಚಿಮ್ಮಿಸಿ ಇನ್ನೂ ಆಳಕ್ಕೆ ಇಳಿಯಿತು. ಮುಂದಿನವು ಸುಮ್ಮನೆ ನಿಂತಿದ್ದವು. ರೂಢಿಯ ಮೇಲೆ ಅಣ್ಣನ ಕೈ ಆ ಸಣ್ಣ ಲಿವರ್ ಎಳೆಯಿತು. ಅದು ಲೊಟಕ್ಕೆಂದು ಈ ಕಡೆ ಬಂತು, ಅಷ್ಟೆ.

ಎಂಜಿನ್ ಆರಿಸಿದ ಮೇಲೆ ಅಕ್ಕ ಸುತ್ತ ನೋಡಿದಳು. "ಇಲ್ಲೇ" ಅಂದಳು. ನನಗೂ ಗೊತ್ತಾಗಿತ್ತು. ಆಚೆ ದಡದ ಒಂಟಿ ಜಾಲಿಮರ, ಈಚೆಗೆ ಆ ಕಪ್ಪು ಬಂಡೆ. ಗಾಡಿ ಹೂತದ್ದು ಇಲ್ಲೇ. ಅವಳ ಉಗುರು ನನ್ನ ಅಂಗೈಗೆ ನಾಟಿತು. ಆಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ಹಲ್ಲು ಕಚ್ಚಿದಳು. ತಿಂಗಳು ತುಂಬಿರಲಿಲ್ಲ, ನೋವು ಮಾತ್ರ ಬಂದಿತ್ತು.

ರಾಗಿ, ಕಾಯಿ, ಕುಂಬಳ ಎಲ್ಲ ಮರಳಿಗೆ ಎಸೆದೆವು. ನಾನು, ಅಪ್ಪ ಹಿಂದಿನಿಂದ ನೂಕಿದೆವು. ಅಲುಗಲಿಲ್ಲ. ಅಣ್ಣ ತಲೆ ಹೊರಗೆ ಹಾಕಿ, ಬಹಳ ಕಷ್ಟದಿಂದ, "ಅಪ್ಪ, ತಂಗೀನ ಇಳಿಸಿದ್ರೆ ಹಗುರ ಆಗ್ತೈತೆ" ಅಂದ.

ಅಕ್ಕ ಮೊದಲ ಸಲ ದನಿ ಎತ್ತಿ ಮಾತಾಡಿದ್ದು ಆಗ. "ಈ ಮರಳಿಗೆ ನಾನು ಕಾಲಿಡಲ್ಲ. ಏನಾದ್ರೂ ಆಗ್ಲಿ, ಇಳಿಯಲ್ಲ."

ಯಾರೂ ಅವಳನ್ನು ಬಲವಂತ ಮಾಡಲಿಲ್ಲ. ಅಪ್ಪ ಅವಳ ಮುಖ ನೋಡಿದ, ಚಕ್ರ ನೋಡಿದ. ಆಮೇಲೆ ಅವಳ ಹತ್ತಿರ ಬಂದು, "ಸ್ವಲ್ಪ ಎದ್ದೇಳು ತಾಯಿ" ಎಂದು ಅವಳ ಅಡಿಯಿಂದ ತನ್ನ ಕಂಬಳಿ ಎಳೆದುಕೊಂಡ. ಮಂಡಿಯೂರಿ, ಕೈಯಿಂದ ಮರಳು ಬಗೆದು, ಹಿಂದಿನ ಚಕ್ರದ ಮುಂದೆ ಅದನ್ನು ಹಾಸಿದ. ಸುಕ್ಕಿಲ್ಲದಂತೆ, ಗದ್ದಿಗೆಗೆ ಹಾಸಿದ ಹಾಗೇ ಹಾಸಿದ. ನಾನು ಅಳು ತಡೆಯಲಾರದೆ ಹೋದೆ.

ದಡದಲ್ಲಿ ಕುರಿ ಮೇಯಿಸುತ್ತಿದ್ದ ಮೂರು ನಾಲ್ಕು ಜನ ಮಳೆಗೆ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಹೊದ್ದುಕೊಂಡು ನಮ್ಮನ್ನೇ ನೋಡುತ್ತಾ ಬಂದರು. ಕೆಳಗೆ ಏನು ಹಾಸಿದೆ ಎಂದು ಅವರಿಗೆ ಕಂಡಿತು. ಅವರಲ್ಲಿ ಹಿರಿಯನೊಬ್ಬ ಅಪ್ಪನನ್ನು ಕೇಳಿದ: "ಬಸುರೇನಪ್ಪ?" ಅಪ್ಪ ಹೌದೆಂದು ತಲೆಯಾಡಿಸಿದ. ಆತ ತನ್ನ ಕೊಪ್ಪೆ ತೆಗೆದು ಇನ್ನೊಂದು ಚಕ್ರಕ್ಕೆ ಹಾಸಿದ. ಉಳಿದವರೂ ತೆಗೆದು ಅದರ ಮುಂದಕ್ಕೆ, ಅದರ ಮುಂದಕ್ಕೆ ಹಾಸಿದರು. ಮಳೆಯಲ್ಲಿ ಬರಿಮೈಯಲ್ಲಿ ನಿಂತು ಜೀಪಿಗೆ ಹೆಗಲು ಕೊಟ್ಟರು.

"ಅಪ್ಪ, ಹತ್ತಿಸ್ಲಾ?" ಅಂದ ಅಣ್ಣ.

"ಹತ್ತಿಸು. ಇನ್ನು ನಿಲ್ಲಿಸ್ಬ್ಯಾಡ."

ಚಕ್ರ ಉಣ್ಣೆಯನ್ನು ಕಚ್ಚಿತು. ಕಂಬಳಿ ಹರಿದ ಸದ್ದು ಕೇಳಿಸಿತು. ಜೀಪು ಒಮ್ಮೆ ಅಳ್ಳಾಡಿ ಎದ್ದು, ಒಂದರ ಮೇಲಿಂದ ಇನ್ನೊಂದಕ್ಕೆ ಹತ್ತಿ, ಗಟ್ಟಿ ನೆಲಕ್ಕೆ ಹೋಗಿ ದಡ ಏರಿತು. ಅಪ್ಪ ಆ ಕಡೆ ನೋಡುತ್ತಿರಲಿಲ್ಲ. ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ. ಆಮೇಲೆ ಓಡಿ ಬಂದು ಹತ್ತಿದ. ಕಂಬಳಿ ಕೊಟ್ಟವರಿಗೆ ಒಂದು ಮಾತು ಹೇಳಲೂ ಹೊತ್ತಿರಲಿಲ್ಲ. ವಾರದೊಳಗೆ ಅವರವರ ಹಟ್ಟಿ ಹುಡುಕಿ ಹೊಸ ಕಂಬಳಿ ಕೊಟ್ಟು, ಅವರು ಎತ್ತಿಟ್ಟಿದ್ದ ತನ್ನ ಹರಿದ ಕಂಬಳಿ ಇಸಿದುಕೊಂಡು ಬಂದ.

ಹೊಸದುರ್ಗದ ಆಸ್ಪತ್ರೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಣ್ಣ ರಾತ್ರಿಯೇ ಹೋಗಿ ಅವ್ವನನ್ನು ಕರೆತಂದ. ಮಾರನೆಯ ದಿನ ಬೆಳಿಗ್ಗೆ ಹೆರಿಗೆಯಾಯಿತು. ಮಗು ಕಾಲು ಮುಂದಾಗಿ ಬಂದಿತ್ತು. ಹೆಣ್ಣು, ಬೊಗಸೆಯಲ್ಲಿ ಹಿಡಿಯುವಷ್ಟು. ಬಾಗಿಲ ಹೊರಗೆ ನಿಂತಿದ್ದ ನಮಗೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ದನಿ ಬಂತು, ಬಂದದ್ದು ನಿಲ್ಲಲಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು.

ಅಪ್ಪ ಲೇಡಿ ಡಾಕ್ಟರನ್ನು ಕೇಳಿದ: "ಕುಲುಕಿಗೆ ಹಿಂಗೆ ಕಾಲು ಮುಂದಾತೇನ್ರಮ್ಮ?"

"ಕುಲುಕಿಗಲ್ಲಪ್ಪ. ಕೆಲವು ಮಕ್ಕಳು ಹೀಗೇ ಬರುತ್ತವೆ. ಇಂಥವರು ಬೇಗ ಆಸ್ಪತ್ರೆಗೆ ಬರಬೇಕು, ಅಷ್ಟೇ."

ಅಪ್ಪ ಹೊರಗೆ ಬಂದ. ಅಣ್ಣ ಜೀಪಿನ ಚಕ್ರದಲ್ಲಿ ಸಿಕ್ಕಿಕೊಂಡಿದ್ದ ಕರಿ ಉಣ್ಣೆಯನ್ನು ಒಂದೊಂದೇ ಎಳೆ ಬಿಡಿಸುತ್ತಾ ಕೂತಿದ್ದ. ಅಪ್ಪ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ತಾನೂ ಬಿಡಿಸತೊಡಗಿದ. ಒಂದು ಚಕ್ರ ಮುಗಿದ ಮೇಲೆ, "ಇದಕ್ಕೆ ಮುಂದಿಂದು ಹಾಕ್ಸು" ಅಂದ. ಅಣ್ಣ, "ಸ್ಪ್ರಿಂಗೂ ಹಾಕ್ಸಬೇಕು. ಕುಲುಕ್ತೈತೆ ಆಮೇಲೆ" ಅಂದ. "ಕುಲುಕ್ಲಿ" ಅಂದ ಅಪ್ಪ.

ದುರ್ಗದ ಗ್ಯಾರೇಜಿನಲ್ಲಿ ಶಾಫ್ಟು ಬಂತು, ಹೊಸ ಸ್ಪ್ರಿಂಗ್ ಬಂತು. ಜೀಪಿನ ಗುಣವೇ ಬದಲಾಯಿತು. ಹತ್ತಿದವರ ಸೊಂಟ ಮುರಿಯುತ್ತಿತ್ತು. ದಾರಿಯಲ್ಲಿ ಅಪ್ಪ "ಹತ್ರಿ" ಎಂದರೆ ಜನ "ನಡ್ಕಂಡೇ ಬತ್ತೀವಿ" ಎನ್ನತೊಡಗಿದರು.

ಬಾಣಂತನ ಮುಗಿಸಿ ಅಕ್ಕ ಗಂಡನ ಮನೆಗೆ ಹೊರಟ ದಿನ ಬೀಗರಿಗೆಂದು ಅವ್ವ ಅದೇ ಗಡಿಗೆಯಲ್ಲಿ ಮಜ್ಜಿಗೆ ತುಂಬಿಸಿದ್ದಳು. ಮುಂದೆ ಕೂರುವ ಅಪ್ಪ ಅವತ್ತು ಹಿಂದೆ ಬಂದು, ಗಡಿಗೆಯನ್ನು ಪಾದಗಳ ನಡುವೆ ಇಟ್ಟುಕೊಂಡು ನಾನು, ಅಕ್ಕ ಕೂತಿದ್ದ ಸೀಟಿನ ಎದುರು ಕೂತ. ಅಕ್ಕನ ಮಡಿಲಲ್ಲಿ ಮಗು, ಮಗುವಿನ ಅಡಿಯಲ್ಲಿ ಆ ಹರಿದ ಕಂಬಳಿ. ಅವ್ವ ಅದನ್ನು ಒಗೆದು, ಹರಿದ ಕಡೆ ಕರಿ ದಾರ ಹಾಕಿದ್ದಳು.

ಹೊಳೆಯ ದಡಕ್ಕೆ ಬಂದಾಗ ಅಣ್ಣ ಲಿವರ್ ಹಾಕಿದ. ಆದರೂ ಹಳೆಯ ಹೆದರಿಕೆ, ನಿಧಾನ ಮಾಡಿ ಅಪ್ಪನ ಕಡೆ ತಿರುಗಿ ನೋಡಿದ. ಅಪ್ಪ ಮಗುವನ್ನೇ ನೋಡುತ್ತಿದ್ದ. ಅಕ್ಕ ಮಗುವನ್ನು ಎದೆಗೆ ಒತ್ತಿಕೊಂಡಳು.

"ಅಣ್ಣ, ಜೋರಾಗಿ ಬಿಡು. ಎಲ್ಲೂ ನಿಲ್ಲಿಸ್ಬ್ಯಾಡ."

ಅಣ್ಣ ಬಿಟ್ಟ. ಆ ಜಾಲಿಮರ, ಆ ಬಂಡೆ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಗಡಿಗೆಯಿಂದ ಮಜ್ಜಿಗೆ ಎದ್ದೆದ್ದು ಅಪ್ಪನ ಪಂಚೆ, ಅಂಗಿ, ಮೀಸೆಯ ಮೇಲೆಲ್ಲ ಬಿತ್ತು. ಅವನು ಒರೆಸಿಕೊಳ್ಳಲೂ ಇಲ್ಲ. ಆಚೆ ದಡ ಹತ್ತಿ ಜೀಪು ನಿಂತಾಗ, "ಕೂಸು ಎದ್ದೈತಾ?" ಎಂದಷ್ಟೇ ಕೇಳಿದ.

"ಇಲ್ಲಪ್ಪ, ಮಲಗೈತೆ" ಅಂದಳು ಅಕ್ಕ.

ಅಪ್ಪ ಗಡಿಗೆಯೊಳಗೆ ಬಗ್ಗಿ ನೋಡಿದ. ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು. ಅದನ್ನು ಲೋಟಕ್ಕೆ ಬಗ್ಗಿಸಿ, ನನಗೆ ಕೊಡುತ್ತಾನೆಂದು ನಾನು ಕೈ ಚಾಚಿದರೆ, ನನ್ನ ಕೈ ದಾಟಿಸಿ ಮುಂದಕ್ಕೆ ಹಿಡಿದ. ಅಣ್ಣ ಒಂದು ಗಳಿಗೆ ಆ ಲೋಟ ನೋಡಿದ. ಆಮೇಲೆ ಇಸಿದುಕೊಂಡು ಪೂರ್ತಿ ಕುಡಿದ.